ಹದಿನೈದು ಎಲೆ

ಮೇಜಿನ ಮೇಲೆ ಮೂರು ಎಲೆ ತೆರೆದು ಬಿದ್ದಿದ್ದವು: ಆಟೀನ್ ಏಳು, ಆಟೀನ್ ಹತ್ತು, ಇಸ್ಪೀಟ್ ರಾಜ. ಇನ್ನೆರಡು ತೆರೆಯಬೇಕಿತ್ತು. ಮುನಿಯಕ್ಕ ತನ್ನ ಕೈಯ ಎರಡು ಎಲೆಗಳ ಮೂಲೆ ಎತ್ತಿ ಇನ್ನೊಮ್ಮೆ ನೋಡಿಕೊಂಡಳು. ಆಟೀನ್ ಎಂಟು, ಆಟೀನ್ ಒಂಬತ್ತು. ಒಂದು ಜೋಡಿಯೂ ಇಲ್ಲ, ದೊಡ್ಡ ಎಲೆಯೂ ಇಲ್ಲ. ಇನ್ನೂ ಏನೂ ಆಗಿರದ, ಆದರೆ ಏನು ಬೇಕಾದರೂ ಆಗಬಹುದಾದ ಕೈ ಅದು.

ಎದುರಿಗೆ ಸೋಮನಾಥ್ ಕೂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಮೂರು ವರ್ಷದಿಂದ ಇಲ್ಲಿನ ಪೋಕರ್ ಟೂರ್ನಮೆಂಟಿನ ಚಾಂಪಿಯನ್. ಬೆಳಿಗ್ಗೆ ಇಪ್ಪತ್ತನಾಲ್ಕು ಜನರಿಂದ ಶುರುವಾದ ಆಟದಲ್ಲಿ ಉಳಿದವರು ಇವರಿಬ್ಬರೇ. ದುಡ್ಡಿನ ಆಟವಲ್ಲ, ಪ್ಲಾಸ್ಟಿಕ್ ಬಿಲ್ಲೆಗಳದು. ಗೆದ್ದವರ ಹೆಸರನ್ನು ಕ್ಲಬ್‌ಹೌಸ್ ಗೋಡೆಯ ಮರದ ಹಲಗೆಯ ಮೇಲೆ ಬರೆಸುತ್ತಾರೆ, ಅಷ್ಟೇ.

ಮುನಿಯಕ್ಕನಿಗೆ ಬೇಕಾಗಿದ್ದುದೂ ಅಷ್ಟೇ. ಜೆ.ಪಿ. ನಗರದ ಈ ಹತ್ತು ಮಹಡಿ ನಿಂತಿರುವುದು ಜರಗನಹಳ್ಳಿಯ ಅವಳ ಮಾವನ ರಾಗಿ ಹೊಲದ ಮೇಲೆ. ಕ್ಲಬ್‌ಹೌಸ್ ಇರುವಲ್ಲಿ ಕಣವಿತ್ತು. ಹೊಲಕ್ಕೆ ಬದಲಾಗಿ ಸಿಕ್ಕ ಫ್ಲ್ಯಾಟಿನಲ್ಲೇ ಈಗ ಅವಳ ವಾಸ. ಬಿಲ್ಡರ್ ಕಟ್ಟಡಕ್ಕೆ ಅವಳ ನಾಲಿಗೆ ಹೊರಳದ ಇಂಗ್ಲಿಷ್ ಹೆಸರಿಟ್ಟಿದ್ದ. ಗೇಟಿನ ಮೇಲೆ, ಲಿಫ್ಟಿನ ಪಕ್ಕ, ಹಲಗೆಯ ಮೇಲೆ ಯಾರ್ಯಾರದೋ ಹೆಸರು. ತಾನು ತೆನೆ ಬಡಿದ ಜಾಗದಲ್ಲಿ ತನ್ನದೊಂದು ಅಕ್ಷರವೂ ಇಲ್ಲವಲ್ಲ ಎಂಬುದು ಅವಳಿಗೆ ಅನ್ನದೊಳಗಿನ ಕಲ್ಲಿನಂತೆ ಸಿಕ್ಕುತ್ತಲೇ ಇತ್ತು.

ಇಸ್ಪೀಟು ಅವಳಿಗೆ ಹೊಸದಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟ ಮುಗಿಸಿ ಮನೆಮಂದಿಯೆಲ್ಲ ಜಗಲಿಯಲ್ಲಿ ಎಲೆ ಹಿಡಿದು ಕೂರುತ್ತಿದ್ದ ಮನೆ ಅವಳದು. ಆದರೆ ಅಲ್ಲಿನ ಹೆಂಗಸರಿಗೆ ಗೊತ್ತಿದ್ದುದು ಒಂದೇ ಆಟ, ಒಳ್ಳೇ ಎಲೆ ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾಯುವುದು. ಪೋಕರ್ ಕಲಿಸಿದ ಸೊಸೆ ಶಾಂತಲಾ ಆರು ತಿಂಗಳು ತಲೆ ಚಚ್ಚಿಕೊಂಡಿದ್ದು ಇದಕ್ಕೇ.

"ಅತ್ತೆ, ನಿಮ್ಮ ಕೈ ಕೂಡ್ಸೋ ಎಲೆ ಕಟ್ಟಲ್ಲಿ ತುಂಬಾ ಇದ್ರೆ ಕಾಯ್ಬೇಡಿ. ನೀವೇ ಜೋರಾಗಿ ಹಾಕಿ. ಅವ್ರು ಹೆದ್ರಿ ಬಿಟ್ರೆ ಅಲ್ಲೇ ಗೆದ್ರಿ. ಬಿಡ್ದೆ ಬಂದ್ರೂ, ಎಲೆ ಬಂದು ಗೆಲ್ಬೋದು. ಕಾಯ್ತಾ ಕೂತ್ರೆ ಒಂದೇ ದಾರಿ."

"ಕೈಲಿ ಇಲ್ದಿದ್ದನ್ನ ಇದೆ ಅಂತ ತೋರ್ಸೋದಾ?"

"ಇನ್ನೂ ಬಂದಿಲ್ಲ, ಅಷ್ಟೇ. ಎಷ್ಟು ಎಲೆ ಬರ್ಬೋದು ಅಂತ ಎಣಿಸ್ಕೊಳಿ."

ಆದರೂ ಮಧ್ಯಾಹ್ನ ಇಂಥದೇ ಕೈ ಬಂದಾಗ ಹಳೇ ಚಾಳಿ ಬಿಡಲಿಲ್ಲ. ಸೋಮನಾಥ್ ಹಾಕಿದಷ್ಟನ್ನೇ ತಾನೂ ಹಾಕುತ್ತಾ ಹೋಗಿ, ಎಲೆ ಬರದೆ, ಬಿಲ್ಲೆಗಳಲ್ಲಿ ಅರ್ಧ ಕಳೆದುಕೊಂಡಿದ್ದಳು. ಅವನ್ನು ಒಂದೊಂದಾಗಿ ಕೂಡಿಸಿಕೊಂಡು ಸೋಮನಾಥರ ಸಮಕ್ಕೆ ಬರುವಷ್ಟರಲ್ಲಿ ಸಂಜೆಯಾಗಿತ್ತು.

ಈಗ ಸೋಮನಾಥ್ ತಮ್ಮ ಬಿಲ್ಲೆಗಳಲ್ಲಿ ಅರ್ಧವನ್ನು ಮುಂದೆ ತಳ್ಳಿದರು.

"ನಿಧಾನಕ್ಕೆ ಯೋಚ್ನೆ ಮಾಡಿ ಅಮ್ಮಾ. ಟೀ ಹೇಳ್ಲಾ?"

ಮುನಿಯಕ್ಕ ಮೇಜಿನ ಕೆಳಗೆ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಎಣಿಸಿದಳು. ಇನ್ನೂ ಕಾಣದ ಆಟೀನ್ ಎಲೆಗಳು ಒಟ್ಟು ಒಂಬತ್ತು, ಯಾವುದೊಂದು ಬಂದರೂ ಐದು ಆಟೀನ್ ಕೂಡುತ್ತವೆ. ಅವು ಬಿಟ್ಟು ಸಾಲು ಕೂಡಿಸಬಲ್ಲ ಗುಲಾಮ ಮೂರು, ಆರನೇ ನಂಬರಿನವು ಮೂರು. ಒಟ್ಟು ಹದಿನೈದು. ಎರಡೂ ತೋಳು ಚಾಚಿ, ಕಣದಲ್ಲಿ ರಾಗಿ ಬಾಚುವಂತೆ, ಬಿಲ್ಲೆಗಳನ್ನೆಲ್ಲ ಮೇಜಿನ ನಡುವಿಗೆ ತಳ್ಳಿದಳು.

"ಎಲ್ಲಾ ಹಾಕ್ದೆ ಸಾರ್."

ಸೋಮನಾಥರ ನಗು ಅರ್ಧಕ್ಕೆ ನಿಂತಿತು. ಬೆಳಿಗ್ಗೆಯಿಂದ ಕೈಯಲ್ಲಿ ಇಲ್ಲದೆ ಹೀಗೆ ಹಾಕಿದ ಹೆಂಗಸಲ್ಲ ಇದು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಅವಳ ಮುಖ ನೋಡಿದರು. ಮುನಿಯಕ್ಕನಿಗೆ ಗೊತ್ತಿತ್ತು: ಅವರು ಬಿಡದೆ ಬಂದು, ತನಗೆ ಎಲೆ ಬರದಿದ್ದರೆ ಹಲಗೆಯೂ ಇಲ್ಲ, ಹೆಸರೂ ಇಲ್ಲ. ಆದರೂ ಹೆದರಿಕೆಗಿಂತ ಹೆಮ್ಮೆಯೇ ಒಂದು ಹಿಡಿ ಹೆಚ್ಚಾಗಿತ್ತು. ಈ ಸಲ ಕಷ್ಟಪಟ್ಟು ಯೋಚಿಸುತ್ತಿದ್ದವರು ಅವರು.

ಕೊನೆಗೆ ಸೋಮನಾಥ್ ಕಳಾವರ್ ರಾಜನನ್ನು ಎಲ್ಲರಿಗೂ ತೋರಿಸಿ ಕೈ ಬಿಟ್ಟರು.

"ಜೋಡಿ ರಾಜ ಇದ್ರೂ ಬಿಟ್ಟೆ ನೋಡಿ. ನಿಮ್ಹತ್ರ ಮೂರು ಏಳಿದೆ, ನಂಗೊತ್ತು. ತೋರ್ಸಿ."

"ನಮ್ಮನೇಲಿ ಮುಚ್ಚಿದ ಎಲೆ ತೆಗ್ಯಲ್ಲ ಸಾರ್," ಎಂದು ಮುನಿಯಕ್ಕ ಎರಡೂ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿಬಿಟ್ಟಳು.

ಅಳಿದುಳಿದ ಬಿಲ್ಲೆಗಳೊಂದಿಗೆ ಸೋಮನಾಥ್ ಮತ್ತೆ ಅರ್ಧ ಗಂಟೆ ಒದ್ದಾಡಿದರು. ಕೊನೆಯ ಆಟವನ್ನು ಮುನಿಯಕ್ಕ ಬರೀ ಜೋಡಿ ರಾಣಿಯಲ್ಲಿ ಮುಗಿಸಿದಳು. ಶಾಂತಲಾ ಓಡಿಬಂದು ತಬ್ಬಿಕೊಂಡಾಗ ಮುನಿಯಕ್ಕ ಅವಳ ಕಿವಿಯಲ್ಲಷ್ಟೇ ಹೇಳಿದಳು: "ಎಂಟು, ಒಂಬತ್ತು ಕಣವ್ವ."

ಮುಂದಿನ ಭಾನುವಾರ ಪೇಂಟರ್ ಬಂದ. "ಹೆಸ್ರು, ಫ್ಲ್ಯಾಟ್ ನಂಬರ್ ಹೇಳಿ ಅಮ್ಮ," ಎಂದ. ಮೇಲಿನ ಏಳು ಹೆಸರುಗಳ ಪಕ್ಕವೂ ನಂಬರುಗಳಿದ್ದವು.

"ನಂಬರ್ ಬೇಡ. ಮುನಿಯಕ್ಕ, ಜರಗನಹಳ್ಳಿ ಅಂತ ಬರಿಯಪ್ಪ."

ಪೇಂಟರ್ ಸೋಮನಾಥರ ಮುಖ ನೋಡಿದ. ಅವರು, "ಅವ್ರು ಹೇಳ್ದಂಗೆ ಬರಿ," ಅಂದರು. ಆಮೇಲೆ ದನಿ ತಗ್ಗಿಸಿ, "ಈಗ್ಲಾದ್ರೂ ಹೇಳಿ, ಮೂರು ಏಳೇ ತಾನೆ?" ಎಂದು ಕೇಳಿದರು. ಮುನಿಯಕ್ಕ ನಕ್ಕಳು.

"ಒಣಗೋಕೆ ಎರಡು ಗಂಟೆ ಬೇಕು, ಯಾರೂ ಮುಟ್ಟದಂಗೆ ನೋಡ್ಕೊಳಿ," ಎಂದು ಹೇಳಿ ಪೇಂಟರ್ ಡಬ್ಬ ಎತ್ತಿಕೊಂಡು ಹೋದ. ಮುನಿಯಕ್ಕ ಧೂಳು ಹಾರದಿರಲೆಂದು ಫ್ಯಾನ್ ಆರಿಸಿದಳು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹಲಗೆಯ ಎದುರಿಗೆ ಎಳೆದುಕೊಂಡು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, ಕಾಯುತ್ತಾ ಕೂತಳು.