ಒಣಗಿಸುವ ಕೋಣೆ

ಕೆಲಸದ ರೀತಿ ಸುಧಾರಿಸುವ ತರಬೇತಿ ಕೊಡಲು ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿಂದ ಒಬ್ಬರು ಬರುತ್ತಾರೆ ಎಂದು ಗೊತ್ತಾದಾಗ, ವಸ್ತಾರೆ ದಾರಿಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಯಾರಿಗೂ ಅದು ಒಳ್ಳೆಯ ಸುದ್ದಿ ಅನ್ನಿಸಲಿಲ್ಲ. ಇದು ಗುತ್ತಿಗೆಯವರನ್ನು ತೆಗೆಯುವ ಉಪಾಯ ಎಂದ ದೇವೇಂದ್ರ. ಮಲ್ಲಂದೂರಿನ ಅವನು ಅಲ್ಲಿ ಗುತ್ತಿಗೆ ಸಹಾಯಕ. ಮಾರ್ಚ್ ಬಂದಾಗಲೆಲ್ಲ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂದು ಒದ್ದಾಡುವವನು.

ಇಂಥ ಹೊತ್ತಿನಲ್ಲಿ ಹಿರಿಯ ತಂತ್ರಜ್ಞೆ ರಜನಿ ತರಬೇತಿಯ ತಂಡವನ್ನು ನಡೆಸಲು ಒಪ್ಪಿಕೊಂಡಳು. ಕೇಂದ್ರದ ಮುಖ್ಯಸ್ಥ ರಾಜೀವ್ ಕೇಳಿದ್ದರು. ಒಲ್ಲೆ ಎನ್ನಲು ಅವಳಿಗೆ ಕಾರಣ ಹೊಳೆದಿರಲಿಲ್ಲ. ಮರುದಿನದಿಂದ ಅವಳು ಕಾಫಿ ಕೋಣೆಗೆ ಬಂದರೆ ಮಾತು ನಿಲ್ಲುತ್ತಿತ್ತು. ದೇವೇಂದ್ರನಂತೂ ಲೋಟ ಹಿಡಿದು ಹೊರಗೆ ಹೋಗಿಬಿಡುತ್ತಿದ್ದ.

ಜುಲೈನ ಮಳೆಯಲ್ಲೇ ತರಬೇತಿ ಶುರುವಾಯಿತು. ಬಂದವಳು ರಕ್ಷಾ, ಇನ್ನೂ ಚಿಕ್ಕ ವಯಸ್ಸಿನವಳು. ಬೆಳೆಗಾರರೊಬ್ಬರು ಜಾವಳಿಯಿಂದ ತಂದುಕೊಟ್ಟ ಮಣ್ಣಿನ ಚೀಲವನ್ನು ಎತ್ತಿಕೊಂಡು, ಇದು ಒಳಗೆ ಬಂದಲ್ಲಿಂದ ವರದಿಯಾಗುವವರೆಗೆ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲೆಲ್ಲ ಎಲ್ಲರೂ ಜೊತೆಗೆ ನಡೆಯೋಣ ಎಂದಳು. ಪ್ರತಿ ಮೇಜಿನ ಹತ್ತಿರವೂ ಇಲ್ಲಿ ಯಾಕೆ ತಡ ಎಂದು ಕೇಳಿದಳು. ಗೊತ್ತಿಲ್ಲ ಎನ್ನುವುದಷ್ಟೇ ದೇವೇಂದ್ರನ ಉತ್ತರವಾಗಿತ್ತು.

ಬಿಡುವಿನಲ್ಲಿ ರಕ್ಷಾ ಹೊರಗಿನ ಸಿಲ್ವರ್ ಓಕ್ ಮರದ ಕೆಳಗೆ ಕೊಡೆ ಹಿಡಿದು ಫೋನಿನಲ್ಲಿ ಯಾರೊಂದಿಗೋ ತಗ್ಗಿದ ದನಿಯಲ್ಲಿ ಮಾತಾಡುವುದು, ಯಾರಾದರೂ ಬಂದರೆ ತಟ್ಟನೆ ನಿಲ್ಲಿಸುವುದು ರಜನಿಯ ಕಣ್ಣಿಗೆ ಬಿತ್ತು. ಉಳಿದವರ ಅನುಮಾನ ಈಗ ಅವಳೊಳಗೂ ಇಳಿಯಿತು. ಸಂಜೆ ನೇರವಾಗಿಯೇ ಕೇಳಿದಳು.

"ಸುಳ್ಳು ಹೇಳ್ಬೇಡಿ. ಇದ್ರಿಂದ ಯಾರ ಕೆಲ್ಸ ಹೋಗುತ್ತೆ?"

ರಕ್ಷಾ ಹೇಳಿದಳು: "ಹೋಗುತ್ತೆ ಅಂತ ನಂಗ್ಯಾರೂ ಹೇಳಿಲ್ಲ. ಹೋಗಲ್ಲ ಅಂತಾನೂ ಹೇಳಿಲ್ಲ. ನಾನೂ ಗುತ್ತಿಗೆಯವಳೇ ಮೇಡಂ. ಮುಂದುವರ್ಸಿ ಅಂತ ಮುಖ್ಯ ಕಚೇರಿಗೆ ದಿನಾ ಫೋನ್ ಮಾಡ್ತಾ ಇದ್ದೀನಿ."

ನಂಬಬೇಕೋ ಬೇಡವೋ ರಜನಿಗೆ ತಿಳಿಯಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವಳು ಇವಳೊಬ್ಬಳೇ ಅನ್ನಿಸಿತು.

ಮರುದಿನ ರಾಜೀವರೂ ಬಂದು ಕುಳಿತರು. ಮಣ್ಣು ಎಲ್ಲಿ ಹೆಚ್ಚು ಹೊತ್ತು ಕಾಯುತ್ತದೆ ಎಂದು ರಕ್ಷಾ ಕೇಳಿದಳು. ಉತ್ತರ ಎಲ್ಲರಿಗೂ ಗೊತ್ತಿತ್ತು. ಹಸಿ ಮಣ್ಣು ಮೊಗಸಾಲೆಯಲ್ಲಿ ಪೇಪರಿನ ಮೇಲೆ ಒಣಗದೆ ಬಿದ್ದಿರುತ್ತಿತ್ತು. ಒಣಗಿಸುವುದಕ್ಕೆಂದೇ ಒಂದು ಕೋಣೆ ಇತ್ತು. ಆದರೆ ರಾಜೀವ್ ವರ್ಗವಾಗಿ ಬಂದಾಗಿನಿಂದ ಅವರ ಮನೆಯ ಮಂಚ, ಫ್ರಿಜ್ಜು, ಬೀರು ಎಲ್ಲ ಅದರೊಳಗಿದ್ದವು.

ಕೊನೆಗೆ ಅದನ್ನು ರಜನಿಯೇ ಹೇಳಿದಳು.

ರಾಜೀವರ ಮುಖ ಬಿಗಿಯಾಯಿತು. ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದರು.

"ಹೇಗೆ ಹೇಳೋದು ಸರ್? ಬೀಗದ ಕೈ ನಿಮ್ ಹತ್ರಾನೇ ಇತ್ತು," ಎಂದಳು ರಜನಿ.

ಭಾನುವಾರ ಪಿಕಪ್ ತರಿಸಿ ಅವರು ಸಾಮಾನು ಸಾಗಿಸಿದರು. ಮಳೆಗಾಲ ಮುಗಿಯುವ ಮೊದಲೇ ವರದಿಗಳು ಬೇಗ ಬೇಗ ಹೊರಬೀಳತೊಡಗಿದವು. ಆದರೆ ರಾಜೀವ್ ರಜನಿಯ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಅವಳಿಗೆ ವರ್ಗಾವಣೆ ಖಾತ್ರಿ ಎಂದು ಕಾಫಿ ಕೋಣೆಯಲ್ಲಿ ಮಾತಾಯಿತು. ಪ್ರತಿ ಟಪಾಲು ಬಂದಾಗಲೂ ಅವಳು ಮೊದಲು ತನ್ನ ಹೆಸರಿನ ಲಕೋಟೆ ಇದೆಯೇ ಎಂದು ಹುಡುಕುತ್ತಿದ್ದಳು. ಒಂದು ದಿನ ದೇವೇಂದ್ರ ಅವಳ ಮೇಜಿನ ಮುಂದೆ ನಿಂತ.

"ರಜನಕ್ಕ, ಆ ಕೋಣೆ ವಿಷ್ಯದಲ್ಲಿ ನನ್ ಹೆಸ್ರು ಏನಾದ್ರೂ ಸರ್ ಹತ್ರ ಹೇಳಿದ್ರಾ?"

ಇಲ್ಲ ಎಂದಳು. ಅವನು ನಂಬಿದಂತೆ ಕಾಣಲಿಲ್ಲ.

ವರ್ಗಾವಣೆ ಬರಲಿಲ್ಲ. ಮಾರ್ಚಿನಲ್ಲಿ ಎಲ್ಲರ ಗುತ್ತಿಗೆಯೂ ಮುಂದುವರಿಯಿತು. ಸುಧಾರಣೆಯಿಂದಲೋ, ಎಂದಿನಂತೆಯೋ, ಯಾರೂ ಹೇಳಲಿಲ್ಲ. ರಕ್ಷಾ ಮತ್ತೆ ಬಂದಳು, ಈ ಸಲ ಬೆಳೆಗಾರರು ಕೌಂಟರಿನಲ್ಲಿ ಕಾಯುವುದನ್ನು ತಪ್ಪಿಸುವ ಯೋಜನೆಗೆ. ದೇವೇಂದ್ರನನ್ನೇ ಮುಂದೆ ನಿಂತು ತಂಡ ನಡೆಸಲು ಕೇಳಿದಳು. ರಜನಕ್ಕ ಪಕ್ಕದಲ್ಲೇ ಕೂರುವುದಾದರೆ ಆಗಬಹುದು ಎಂದ ಅವನು.

ಅದು ನಂಬಿಕೆಯಿಂದಲೋ, ತನ್ನ ಮೇಲೆ ಕಣ್ಣಿಡುವುದಕ್ಕೋ, ರಜನಿ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತಳು.