ಅಣ್ಣನ ಪಾಸ್‌ವರ್ಡ್

ನೀರು ಶುದ್ಧೀಕರಣ ಘಟಕದ ಕಂಪ್ಯೂಟರಿನೊಳಗೆ ನುಗ್ಗಲು ಬೆಳಗ್ಗೆಯಿಂದ ಯಾರೋ ಯತ್ನಿಸುತ್ತಲೇ ಇದ್ದರು. ನಿಮಿಷಕ್ಕೆ ನಲವತ್ತು ಸಲ, ಒಂದೊಂದು ಸಲವೂ ಹೊಸ ಪಾಸ್‌ವರ್ಡು. ಎಂಟು ಕಿಲೋಮೀಟರ್ ಆಚೆ, ಮುಖ್ಯ ಕಚೇರಿಯಲ್ಲಿ ಕೂತು ಎಂಜಿನಿಯರಮ್ಮ ಆ ಪ್ರಯತ್ನಗಳ ಪಟ್ಟಿ ನೋಡುತ್ತಿದ್ದಳು. ಒಳಗೆ ಬಂದವನು ಕ್ಲೋರಿನ್ ಎಷ್ಟು ಬೀಳಬೇಕೆಂಬ ಅಂಕಿ ಮುಟ್ಟಿದರೆ ಮುಗಿಯಿತಲ್ಲ, ಇಡೀ ಊರು ಕುಡಿಯುವ ನೀರು!

ತಪ್ಪು ಅವಳದೇ. ಆ ಪಾಸ್‌ವರ್ಡು ಅಣ್ಣನ ಕಾಲದ್ದು. ಆ ವ್ಯವಸ್ಥೆ ಕಟ್ಟಿ ನಿಲ್ಲಿಸಿದವನೇ ಅವಳಣ್ಣ. ಮೇಲಿನವರ ಜೊತೆ ಜಟಾಪಟಿ ಮಾಡಿಕೊಂಡು ಕೆಲಸ ಬಿಟ್ಟ. ಅದೇ ಕುರ್ಚಿಗೆ ಬಂದ ತಂಗಿ, ಬದಲಿಸಿದರೆ ಅವನಿಗೆ ಬೇಜಾರಾದೀತು ಅಂತ ಎಂಟು ತಿಂಗಳು ಹಾಗೇ ಬಿಟ್ಟಿದ್ದಳು. ಬೇಜಾರು ನೋಡಿಕೊಂಡು ಕೂತರೆ ಊರಿನ ನೀರು ಕಾಯೋದಕ್ಕಾಗುತ್ತಾ?

ಇವತ್ತು ಪಾಸ್‌ವರ್ಡನ್ನೇ ತೆಗೆದುಹಾಕುವುದೆಂದು ಗಟ್ಟಿ ಮನಸ್ಸು ಮಾಡಿದಳು. ಇನ್ನು ಕೀ ಇದ್ದವರಿಗಷ್ಟೇ ಪ್ರವೇಶ. ಕೀ ಅಂದರೆ ಅವರವರ ಲ್ಯಾಪ್‌ಟಾಪಿನಲ್ಲೇ ಇರುವ ಒಂದು ಫೈಲು. ಊಹಿಸಿ ಹೊಡೆಯುವ ಹಾಗಿಲ್ಲ. ತನ್ನದೊಂದು, ಪಾಳಿಯ ಆಪರೇಟರದೊಂದು ಸೇರಿಸಿದಳು. ಹಳೆಯ ಸಂಪರ್ಕ ಕಡಿಯದೆಯೇ ಹೊಸದಾಗಿ ಒಳಗೆ ಹೋಗಿ ನೋಡಿದಳು, ಕೀ ಕೆಲಸ ಮಾಡಿತು. ಪಾಸ್‌ವರ್ಡ್ ದಾರಿ ಮುಚ್ಚುವ ಮುಂಚೆ ಪಟ್ಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದವಳು ಬೆಚ್ಚಿಬಿದ್ದಳು. ವಿಫಲ, ವಿಫಲ ಎಂಬ ಸಾಲುಗಳ ನಡುವೆ ತನ್ನದಲ್ಲದ ಒಂದೇ ಒಂದು ಸಫಲ. ಹತ್ತೂವರೆಗೆ ಯಾರೋ ಸರಿಯಾದ ಪಾಸ್‌ವರ್ಡ್ ಹಾಕಿ ಒಳಗೆ ಬಂದು, ಕ್ಲೋರಿನ್ ಅಂಕಿ ತಿದ್ದಿ ಹೋಗಿದ್ದರು.

ಎಲ್ಲಿಂದ ಅಂತ ನೋಡಿದರೆ, ವಿಫಲವಾದವೆಲ್ಲ ಬೇರೆಲ್ಲಿಂದಲೋ, ಇದೊಂದು ಮಾತ್ರ ಅಣ್ಣನ ಮನೆಯಿಂದ. ಭಾನುವಾರ ಅಲ್ಲಿಗೆ ಹೋದಾಗ ಅವಳೂ ಆ ಮನೆಯ ಇಂಟರ್ನೆಟ್ಟಿನಿಂದಲೇ ಕೆಲಸ ನೋಡಿದ್ದುಂಟು, ಹಾಗಾಗಿ ಗುರುತು ಸಿಕ್ಕಿತು.

ಫೋನು ಮಾಡಿದಳು. ಅವನು ಏನೂ ಮುಚ್ಚಿಡಲಿಲ್ಲ. ಹಳೇ ಪಾಸ್‌ವರ್ಡಿನಿಂದ ಆಗಾಗ ಒಳಗೆ ಬಂದು ಅಂಕಿ ನೋಡಿ ಹೋಗುತ್ತಿದ್ದನಂತೆ. ಇವಳು ಬೆಳಗ್ಗೆ ಅಂಕಿ ಹಾಕುವಾಗ ದಶಮಾಂಶದ ಚುಕ್ಕಿ ಬಿಟ್ಟಿದ್ದಳಂತೆ. ಒಂದೂವರೆ ಇರಬೇಕಾದಲ್ಲಿ ಹದಿನೈದು. ನೀರು ಊರಿಗೆ ಹೊರಡುವುದರೊಳಗೆ ತಾನು ಸರಿ ಮಾಡಿದೆ ಅಂದ. ಹಿಂದೆಯೂ ಮೂರು ಸಲ ಹೀಗೇ ತಿದ್ದಿದ್ದನಂತೆ.

ಅಯ್ಯೋ, ನೆಲವೇ ಕುಸಿದಂತಾಯಿತು ಅವಳಿಗೆ. ಎಂಟು ತಿಂಗಳು ಎಲ್ಲರಿಂದ ಭೇಷ್ ಅನ್ನಿಸಿಕೊಂಡದ್ದರಲ್ಲಿ ತನ್ನದೆಷ್ಟು, ಅವನದೆಷ್ಟು?

"ನನ್ನದೂ ಒಂದು ಕೀ ಸೇರಿಸಿಬಿಡು ಪುಟ್ಟಿ. ಯಾರಿಗೂ ಗೊತ್ತಾಗಲ್ಲ."

ಸೇರಿಸು ಅನ್ನುತ್ತಿತ್ತು ಜೀವ. ನಾಳೆ ಇನ್ನೊಂದು ಚುಕ್ಕಿ ಬಿಟ್ಟುಹೋದರೆ ಗತಿ ಏನು? ಆದರೆ ಯಾರಿಗೂ ಗೊತ್ತಾಗದ ಕೈಯೊಂದು ಊರಿನ ನೀರಿನಲ್ಲಿ ಆಡುತ್ತಿರಬಾರದು, ಅದು ಅಣ್ಣನದ್ದೇ ಆದರೂ.

"ಆಗಲ್ಲಣ್ಣ, ಮುಚ್ತಿದೀನಿ. ನನ್ನ ತಪ್ಪು, ನೀನು ಬಂದಿದ್ದು, ಎರಡನ್ನೂ ವರದಿಯಲ್ಲಿ ಬರೀತೀನಿ."

ಅವನು ಕೇಳಿದ, ಸಿಟ್ಟಿಲ್ಲದೆ: "ಮತ್ತೆ ನಿನ್ನ ಅಂಕಿ ಯಾರು ನೋಡ್ತಾರೆ?"

"ಆಪರೇಟರು ನೋಡದೆ ಇನ್ಮೇಲೆ ಯಾವ ಅಂಕೀನೂ ಹಾಕಲ್ಲ."

ಫೋನಿಟ್ಟು ಪಾಸ್‌ವರ್ಡ್ ದಾರಿ ಮುಚ್ಚಿದಳು. ವರದಿಯ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು. ಎರಡನೆಯದರಲ್ಲಿ ಅವನದು ಬರೆಯುವಷ್ಟರಲ್ಲಿ ಅಳು ಒತ್ತರಿಸಿ ಬಂತು, ಆದರೂ ಬರೆದಳು.