ಬಾ, ಬನ್ನಿ

೨೦೨೩ರ ನವೆಂಬರ್ ೧೮, ಶನಿವಾರ, ಬೆಳಿಗ್ಗೆ ೧೧ ಗಂಟೆ ೪೦ ನಿಮಿಷ. ಕೊರಿಯಾದ ಅನ್ಸಾನ್ ಪಟ್ಟಣದ ಪರೀಕ್ಷಾ ಕೇಂದ್ರದಲ್ಲಿ ಕೊರಿಯನ್ ಭಾಷೆಯ ಮೌಖಿಕ ಪರೀಕ್ಷೆಗೆ ಇಬ್ಬಿಬ್ಬರನ್ನೇ ಕರೆಯುತ್ತಿದ್ದರು. ಖಗೇಂದ್ರನಿಗೆ ಜೊತೆಯಾಗಿ ಸಿಕ್ಕವನು ಲೋಕ್‌ಬೀರ್. ಇಬ್ಬರೂ ನೇಪಾಳದವರು, ಒಂದೇ ಅಲ್ಯೂಮಿನಿಯಂ ಕಾರ್ಖಾನೆಯವರು. ಲೋಕ್‌ಬೀರನಿಗೆ ಕೆಲಸ ಕಲಿಸಿದವನೇ ಖಗೇಂದ್ರ.

ಕೆಲಸದ ವೀಸಾದಿಂದ ಕಾಯಂ ವಾಸಕ್ಕೆ ದಾಟಬೇಕಾದರೆ ಈ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಬರಬೇಕು. ಬಂದರೆ ನೇಪಾಳದ ಧರಾನಿನಲ್ಲಿರುವ ಹೆಂಡತಿಯನ್ನು ಖಗೇಂದ್ರ ಕರೆಸಿಕೊಳ್ಳಬಹುದು. ಇಲ್ಲದಿದ್ದರೆ ಮಾರ್ಚಿಗೆ ವೀಸಾ ಮುಗಿಯುತ್ತದೆ.

ತನಗಿಂತ ಐದು ವರ್ಷ ತಡವಾಗಿ ಬಂದವನು ಇವತ್ತು ತನ್ನ ಸಮಕ್ಕೆ ಕೂತಿದ್ದಾನೆ! ಖಗೇಂದ್ರನ ಹೊಟ್ಟೆಯಲ್ಲಿ ಕೆಂಡ. ತಾನು ಭಾನುವಾರವೂ ಓವರ್‌ಟೈಮ್ ದುಡಿಯುವಾಗ ಇವನು ಭಾಷೆಯ ಪಾಠಕ್ಕೆ ಹೋಗುತ್ತಿದ್ದ.

"ಏನೋ, ಮದುವೆ ಗಂಡಿನ ಹಾಗೆ ಇಸ್ತ್ರಿ ಅಂಗಿ?"

"ಭಯ ಆಗ್ತಿದೆ ಅಣ್ಣಾ. ನಿಮಗೇನು, ನೀರು ಕುಡಿದಷ್ಟು ಸಲೀಸು."

"ಮತ್ತೆ? ನೀನು ಬಾಯಿ ಬಿಡೋದ್ರೊಳಗೆ ಅವರಿಗೆ ಊಟದ ಹೊತ್ತಾಗುತ್ತೆ ನೋಡು."

ಒಳಗೆ ನರೆಗೂದಲಿನ ಹೆಂಗಸೊಬ್ಬರು ಕೂತಿದ್ದರು. "ಪಕ್ಕದ ಮನೆಯವರು ಗಲಾಟೆ ಮಾಡಿದ್ರೆ ಏನು ಮಾಡ್ತೀರಿ?" ಎಂದು ಕೇಳಿದರು. ಲೋಕ್‌ಬೀರ್ ತಡವರಿಸುತ್ತ, ಒಂದೊಂದೇ ಪದ ಹೆಕ್ಕಿ ಉತ್ತರಿಸಿದ. ಖಗೇಂದ್ರನಿಗೆ ಒಳಗೊಳಗೇ ನಗು. ಅವನ ಸರದಿ ಬಂದಾಗ ಮಾತು ಅರಳು ಹುರಿದಂತೆ ಸಿಡಿಯಿತು.

"ಹೋಗಿ ಬಾಗಿಲು ಬಡಿತೀನಿ. ಏಯ್, ಸುಮ್ನಿರು ಅಂತೀನಿ. ನೀನಾದ್ರೆ ಏನ್ ಮಾಡ್ತೀಯ?"

ಮೇಜಿನ ಕೆಳಗೆ ಲೋಕ್‌ಬೀರ್ ಅವನ ಕಾಲು ತುಳಿದ. ಖಗೇಂದ್ರ ಕಾಲೆಳೆದುಕೊಂಡು ಇನ್ನೂ ಜೋರಾಗಿ ಮಾತಾಡಿದ. ಆಕೆ ಏನೋ ಬರೆದುಕೊಂಡರು.

ಹೊರಗೆ ಬಂದದ್ದೇ ಖಗೇಂದ್ರ ರೇಗಿದ. "ಕಾಲು ಯಾಕೋ ತುಳಿದೆ? ಹೊಟ್ಟೆ ಉರೀತಾ?"

"ಅಯ್ಯೋ ಅಣ್ಣಾ! ಅಷ್ಟು ದೊಡ್ಡವರಿಗೆ ನೀನು, ಹೋಗು, ಬಾ ಅಂದ್ರಲ್ಲ, ಮೊದಲಿಂದ ಕೊನೇವರೆಗೂ!"

"ಇಲ್ಲಿ ಎಲ್ರೂ ಮಾತಾಡೋದೇ ಹಾಗಲ್ವೇನೋ?"

"ನಮ್ಮ ಹತ್ರ ಹಾಗೆ, ಅಣ್ಣಾ."

ಖಗೇಂದ್ರ ಗೋಡೆಗೆ ಒರಗಿದ. ಒಂಬತ್ತು ವರ್ಷ ಮೇಸ್ತ್ರಿಯ ಬಾಯಿಂದ ಕೇಳಿದ್ದು ಬಾ, ಎತ್ತು, ಬೇಗ; ಕಿವಿಗೆ ಬಿದ್ದದ್ದನ್ನೇ ನಾಲಗೆ ಕಲಿತಿತ್ತು. ಬನ್ನಿ ಎಂದು ಯಾರೂ ಅವನನ್ನು ಕರೆದಿರಲಿಲ್ಲ.

"ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ?"

"ನಿಮಗೆ ನಾನು ಹೇಳಿಕೊಡೋದಾ? ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ ಖಗೇಂದ್ರ ಮೊದಲು ಕೇಳಿದ್ದು ಲೋಕ್‌ಬೀರನ ಅಂಕ. ಅರವತ್ತನಾಲ್ಕು. ಆಮೇಲೆ ತನ್ನದನ್ನು ತೆರೆದ. ಐವತ್ತೆಂಟು.